ಎಡಗಡೆ ತಟ್ಟೆಯ ಕೋಳಿ

ಸಂಸದೆ ಹ್ಯಾರಿಯೆಟ್ ಲಾಕ್ ಎರಡು ಸಲ ಇದ್ರಿಸ್ ಪ್ರೋಬರ್ಟನ ಅಡುಗೆಮನೆಯಲ್ಲಿ ಕೂತು ಚಹಾ ಕುಡಿದಿದ್ದಳು. ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟರೂ ಆಹಾರದ ಕಟ್ಟುಪಾಡು ಕೂದಲೆಳೆಯಷ್ಟೂ ಸಡಿಲವಾಗುವುದಿಲ್ಲ ಎಂದು ಎರಡು ಸಲವೂ ಮಾತು ಕೊಟ್ಟಿದ್ದಳು. ಅದನ್ನು ನಂಬಿ ಅವನು ಒಕ್ಕೂಟ ಬಿಡುವುದಕ್ಕೂ ಓಟು ಹಾಕಿದ, ಅವಳಿಗೂ ಹಾಕಿದ. ಈಗ ಅದೇ ಹೆಂಗಸು, ಕ್ಲೋರಿನ್ ನೀರಿನಲ್ಲಿ ಅದ್ದಿ ತೆಗೆದ ಸಾಗರದಾಚೆಯ ಅಗ್ಗದ ಕೋಳಿಯನ್ನು ದೇಶದೊಳಗೆ ಬಿಡುವ ಮಸೂದೆಯ ಪರ ನಿಂತಿದ್ದಳು. ಅದು ಪಾಸಾದರೆ ವೈ ನದಿಯ ದಂಡೆಯಲ್ಲಿದ್ದ ಅವನ ನಾಲ್ಕು ಕೋಳಿ ಶೆಡ್ಡುಗಳಿಗೂ ವರ್ಷದೊಳಗೆ ಬೀಗ ಬೀಳುವುದು ಖಂಡಿತ. ಸಾಲದ್ದಕ್ಕೆ, ಶನಿವಾರ ಮಧ್ಯಾಹ್ನ ಊರ ಸಭಾಭವನದ ಚರ್ಚೆಯಲ್ಲಿ ಆ ಕೋಳಿಯನ್ನು ಎಲ್ಲರೆದುರು ತಿಂದು ತೋರಿಸುತ್ತೇನೆ ಎಂದು ಪತ್ರಿಕೆಗೆ ಹೇಳಿಕೆ ಬೇರೆ ಕೊಟ್ಟಿದ್ದಳು.

ತಿನ್ನಲಿ, ಎಂದುಕೊಂಡ ಇದ್ರಿಸ್.

ಉಪಾಯ ಹೊಳೆದದ್ದು ಗುರುವಾರ. ಮಂಡಿ ಊದಿ ನಾಲ್ಕು ದಿನ ಕುರ್ಚಿ ಬಿಟ್ಟು ಏಳದವನು ಅಂದು ಕುಂಟುತ್ತ ಮೂರನೇ ಶೆಡ್ಡಿಗೆ ಹೋದ. ಹದಿನೈದು ದಿನದ ಮರಿಗಳು ಮಂಕಾಗಿ, ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಅದು ಮನುಷ್ಯರ ಹೊಟ್ಟೆಯನ್ನೂ ಕೆಡಿಸುವ ರೋಗವೆಂದು ಇಪ್ಪತ್ತೆಂಟು ವರ್ಷ ಕೋಳಿ ಸಾಕಿದವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬೇರೆ ದಿನವಾಗಿದ್ದರೆ ಪಶುವೈದ್ಯೆಗೆ ಫೋನ್ ಮಾಡುತ್ತಿದ್ದ. ಅಂದು ಕೈ ಫೋನಿನವರೆಗೆ ಹೋಗಿ ಹಿಂದೆ ಬಂತು.

"ಮೂರನೇ ಶೆಡ್ಡಿಗೆ ಹೋಗ್ಬೇಡ ಗ್ವೆಂಡಾ, ಫ್ಯಾನ್ ಕೆಟ್ಟಿದೆ. ನಾನೇ ನೋಡ್ಕೋತೀನಿ," ಎಂದ ಹೆಂಡತಿಗೆ.

"ಆ ಮಂಡಿ ಇಟ್ಕೊಂಡಾ? ದೊಡ್ಡ ಗಂಡಸು. ನೋಡ್ಕೋ ಹೋಗು, ಅಲ್ಲಿ ನನ್ನ ಕೆಲಸ ಮಂಗಳವಾರಾನೇ ಮುಗ್ದಿದೆ."

ನೀರು, ಮೇವಿನ ಕೆಲಸವಿರಬೇಕು ಎಂದುಕೊಂಡ. ಅವನ ತಲೆ ಆಗಲೇ ಸಭಾಭವನದಲ್ಲಿತ್ತು. ಅಲ್ಲಿ ಎರಡು ತಟ್ಟೆ ಇಡುತ್ತಾರೆ. ಬಲಗಡೆ ಊರ ಕೋಳಿ, ಎಡಗಡೆ ಪರದೇಶದ್ದು. ಎಡಗಡೆಯದನ್ನು ಸಂಸದೆಯೊಬ್ಬಳೇ ತಿನ್ನುವುದು, ಊರಿನವರು ಸತ್ತರೂ ಮುಟ್ಟುವುದಿಲ್ಲ. ಬೇಯಿಸಿ ಆರಿಸಿದ ಆ ತುಂಡುಗಳಿಗೆ ಮೂರನೇ ಶೆಡ್ಡಿನ ಸೋಂಕು ಒಂದಿಷ್ಟು ತಾಗಿದರೆ ಸಾಕು. ಎರಡು ದಿನ ಅವಳು ಪಾಯಖಾನೆ ಬಿಟ್ಟು ಏಳುವುದಿಲ್ಲ. ಮೂರನೇ ದಿನ ದೇಶದ ಪತ್ರಿಕೆಗಳೆಲ್ಲ ಆ ಕೋಳಿಗೆ ಛೀಮಾರಿ ಹಾಕುತ್ತವೆ. ಇನ್ನು ಪ್ರತಿ ಶೆಡ್ಡಿಗೂ ಇರುವ ಸರ್ಕಾರದ ರೋಗಪರೀಕ್ಷೆ. ಅದನ್ನೂ ಅವನು ಮರೆತಿರಲಿಲ್ಲ. ಶೆಡ್ಡಿನಿಂದ ಮಾದರಿ ತೆಗೆದು ಕಳಿಸುವುದು ಯಾವಾಗಲೂ ಅವನೇ. ಮೂರರ ಹೆಸರಿನಲ್ಲಿ ಎರಡನೇ ಶೆಡ್ಡಿನದನ್ನು ಕಳಿಸಿದರೆ ಮುಗಿಯಿತು.

ಯಾರೂ ಸಾಯುವುದಿಲ್ಲ, ಎಂದು ತನಗೆ ತಾನೇ ಹೇಳಿಕೊಂಡ. ಶುಕ್ರವಾರವೆಲ್ಲ ಹೇಳಿಕೊಂಡ.

ಶನಿವಾರ ಕುರ್ಚಿ ಜೋಡಿಸುವ ನೆಪದಲ್ಲಿ ಮೊದಲೇ ಹೋದ. ಭವನ ನೋಡಿಕೊಳ್ಳುವ ಬೆರಿಲ್ ಚಹಾದ ಹಂಡೆಗೆ ನೀರು ತರಲು ಹೋದಳು. ಎಡಗಡೆ ತಟ್ಟೆಯ ಕೆಲಸಕ್ಕೆ ಅರ್ಧ ನಿಮಿಷ ಸಾಕಾಯಿತು. ಆಮೇಲೆ ಮೂರು ಸಲ ಸೋಪು ಹಾಕಿ ಕೈ ತೊಳೆದ.

ಚರ್ಚೆಯಲ್ಲಿ ಸುಮ್ಮನಿದ್ದರೆ ಅನುಮಾನ ಬಂದೀತೆಂದು ಎದ್ದು ನಿಂತ. "ಮೇಡಂ, ನಾವು ಬೂಟಿನ ಮೇಲೆ ಬಟ್ಟೆ ಕಾಲುಚೀಲ ಹಾಕ್ಕೊಂಡು ಶೆಡ್ ಪೂರಾ ನಡೀತೀವಿ. ಆ ಕಾಲುಚೀಲ ಲ್ಯಾಬಿಗೆ ಹೋಗುತ್ತೆ. ನಮ್ಮ ಕೋಳಿ ತಿಂದು ಯಾರಿಗಾದ್ರೂ ವಾಂತಿ ಆಯ್ತಾ, ಯಾವ ಶೆಡ್ಡಿಂದು ಅಂತ ವಾರದಲ್ಲಿ ಹಿಡೀತಾರೆ. ನಿಮ್ಮ ಎಡಗಡೆ ತಟ್ಟೇದು ಯಾವ ಶೆಡ್ಡಿಂದು, ಹೇಳಿ ನೋಡೋಣ?"

ಜನ ಮೇಜು ಕುಟ್ಟಿದರು. ವರ್ಷಗಳಿಂದ ಹೇಳಿ ಹೇಳಿ ಬಾಯಿಪಾಠವಾದ ಮಾತು ಅದು.

ಅಷ್ಟರಲ್ಲಿ ಎಂಬತ್ತೊಂದರ ಕ್ಲೆಮ್, ಇದ್ರಿಸನ ಪಕ್ಕದ ಹೊಲದ ಮುದುಕ, ಎಡಗಡೆ ತಟ್ಟೆಗೆ ಕೈ ಚಾಚಿದ. "ನಾನೂ ಒಂದು ತಿಂದು ನೋಡ್ತೀನಿ. ಈ ವಯಸ್ಸಲ್ಲಿ ನಂಗೇನಾಗುತ್ತೆ?"

ಇದ್ರಿಸ್ ಮಂಡಿ ನೋವು ಮರೆತು ಓಡಿ ಮುದುಕನ ಮಣಿಕಟ್ಟು ಹಿಡಿದ. "ಬೇಡ ಕ್ಲೆಮ್. ಬಲಗಡೇದು ತಗೊಳ್ಳಿ, ನಮ್ಮದು."

"ಅಷ್ಟು ಗಟ್ಟಿ ಹಿಡೀಬೇಡ್ವೋ, ಮೂಳೆ ಮುರೀತೀಯಾ," ಎಂದ ಮುದುಕ. ಎಲ್ಲರೂ ನಕ್ಕರು. ಸಂಸದೆಯೂ ನಕ್ಕು, ಎಡಗಡೆಯ ದೊಡ್ಡ ತುಂಡನ್ನೇ ಎತ್ತಿ ಛಾಯಾಗ್ರಾಹಕನ ಕಡೆ ತಿರುಗಿ ಕಚ್ಚಿದಳು. ಚೆನ್ನಾಗಿದೆ ಎಂದು ಇನ್ನೊಂದನ್ನೂ ತಿಂದಳು.

ಸೋಮವಾರ ರೇಡಿಯೋ ಹೇಳಿತು: ಸಂಸದೆ ಆಸ್ಪತ್ರೆಯಲ್ಲಿ, ಸ್ಥಿತಿ ಗಂಭೀರ. ಬುಧವಾರ ಮಸೂದೆಯ ಮತದಾನ ಮುಂದಕ್ಕೆ ಹೋಯಿತು. ಅವನು ಅಂದುಕೊಂಡಂತೆಯೇ ಎಲ್ಲ ನಡೆದಿತ್ತು. ಆದರೂ ಅಂಗಳದಲ್ಲಿ ಕಾರಿನ ಸದ್ದಾದರೆ ಕಿಟಕಿಗೆ ಹೋಗಿ ಇಣುಕುತ್ತಿದ್ದ. ಅವಳು ಸಾಯದಿರಲಿ ಎಂದು ಬೇಡಿಕೊಳ್ಳುತ್ತಿದ್ದ. ಗುರುವಾರ ಜೀವಕ್ಕೆ ಅಪಾಯವಿಲ್ಲವೆಂದು ಸುದ್ದಿ ಬಂದಾಗ ಕೊಟ್ಟಿಗೆಯ ಹಿಂದೆ ನಿಂತು ಮಗುವಿನ ಹಾಗೆ ಅತ್ತ. ಆಮೇಲೆ ಎರಡನೇ ಶೆಡ್ಡಿನಲ್ಲಿ ನಡೆಯಲು ಹೊಸ ಕಾಲುಚೀಲ ತೆಗೆದಿಟ್ಟ.

ಶುಕ್ರವಾರ ಬೆಳಗಿನ ತಿಂಡಿಯ ಹೊತ್ತಿಗೆ ಫೋನ್ ಬಂತು. ಗ್ವೆಂಡಾ ಎತ್ತಿಕೊಂಡು ಬಹಳ ಹೊತ್ತು ಕೇಳಿಸಿಕೊಂಡಳು. ಕೆಳಗಿಟ್ಟು ಅವನ ಕಡೆ ತಿರುಗಿದಾಗ ಅವಳ ಮುಖದಲ್ಲಿ ಗೊಂದಲ ಬಿಟ್ಟರೆ ಏನೂ ಇರಲಿಲ್ಲ. "ಲ್ಯಾಬಿನವರು. ಮೂರನೇ ಶೆಡ್ಡಿನ ಕಾಲುಚೀಲದಲ್ಲಿ ರೋಗ ಸಿಕ್ಕಿದೆಯಂತೆ." ನಾನಿನ್ನೂ ಕಳಿಸೇ ಇಲ್ಲವಲ್ಲ, ಎಂದ ಇದ್ರಿಸ್. "ನಿನಗೆ ಮಂಡಿ ನೋವು ಅಂತ ಹೋದ ವಾರ ಮಂಗಳವಾರ ನಾನೇ ಕಾಲುಚೀಲ ಹಾಕ್ಕೊಂಡು ಶೆಡ್ಡಲ್ಲಿ ನಡೆದು ಪೋಸ್ಟ್ ಮಾಡಿದ್ನಲ್ಲ. ಕ್ಯಾಲೆಂಡರಲ್ಲಿ ಗುರುತು ಹಾಕಿದೀನಿ, ನೋಡಿಲ್ವಾ?" ಒಲೆಯ ಪಕ್ಕದ ಗೋಡೆಯ ಮೇಲೆ, ಹತ್ತು ದಿನದಿಂದ ಅವನ ಕಣ್ಣೆದುರಿಗೇ, ಕೆಂಪು ಶಾಯಿಯ ಚಿಕ್ಕ ಗುರುತಿತ್ತು. ಗ್ವೆಂಡಾ ಕುರ್ಚಿ ಎಳೆದು ಅವನೆದುರು ಕೂತಳು. "ಸಂಸದೆ ಹೊಟ್ಟೇಲಿ ಸಿಕ್ಕಿದ್ದೂ ಅದೇ ರೋಗಾಣುವಂತೆ. ದೇಶದಲ್ಲಿ ಬೇರೆಲ್ಲೂ ಇಲ್ಲವಂತೆ, ನಮ್ಮ ಶೆಡ್ಡಲ್ಲಿ ಮಾತ್ರ. ಪೊಲೀಸರನ್ನ ಕರ್ಕೊಂಡು ಬರ್ತಿದಾರೆ. ಅದು ಹೇಗಾಗುತ್ತೆ ಇದ್ರಿಸ್? ಅವಳು ನಮ್ಮ ಕೋಳಿ ಮುಟ್ಟಲೇ ಇಲ್ಲ. ಎಡಗಡೆ ತಟ್ಟೇದು ಮಾತ್ರ ತಿಂದಿದ್ದು, ಊರೇ ನೋಡಿದೆ."