ತಣ್ಣನೆಯ ರೊಟ್ಟಿ ಕೇಳಿದವನು

"ಬಿಸೀದು ಬ್ಯಾಡ್ರಿ. ಮುಂಜಾನಿ ಮಾಡಿದ್ದು ತಣ್ಣಂದು ಇದ್ರ ಅದನ್ನೇ ಕೊಡ್ರಿ."

ಹಂಚಿನಿಂದ ಆಗಷ್ಟೇ ಎತ್ತಿದ ಜೋಳದ ರೊಟ್ಟಿ ಉಮಾದೇವಿಯ ಕೈಯಲ್ಲೇ ಉಳಿಯಿತು. ಉಬ್ಬಿದ ರೊಟ್ಟಿಯಿಂದ ಇನ್ನೂ ಹಬೆ ಏಳುತ್ತಿತ್ತು. ತಾಟಿನ ಮುಂದೆ ಕುಳಿತ ಹೊಸ ಗಿರಾಕಿ ತಲೆ ಎತ್ತಿ ಅವಳ ಮುಖವನ್ನೂ ನೋಡಲಿಲ್ಲ.

ಸೇಡಂ ಬಸ್ ಸ್ಟ್ಯಾಂಡಿನ ಹಿಂದೆ ಇರುವ ಗುಂಡಮ್ಮನ ಖಾನಾವಳಿಯಲ್ಲಿ ಇಂಥ ಮಾತನ್ನು ಯಾರೂ ಆಡಿದ್ದಿಲ್ಲ. ಸಂಜೆ ಅಲ್ಲಿಗೆ ಬರುವವರು ಬಿಸಿ ರೊಟ್ಟಿಗಾಗಿಯೇ ಬರುವವರು. ಖಾರಬ್ಯಾಳಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಎಲ್ಲ ಕಡೆಯೂ ಸಿಗುತ್ತವೆ. ಒಲೆಯಿಂದ ನೇರ ತಾಟಿಗೆ ಬೀಳುವ ರೊಟ್ಟಿ ಸಿಗುವುದಿಲ್ಲ.

ಅವನನ್ನು ಅಲ್ಲಿಗೆ ಕರೆತಂದಿದ್ದ ಹಣ್ಣಿನ ಬಂಡಿಯ ಅಲ್ಲಾವುದ್ದೀನ ಪಕ್ಕದಲ್ಲಿ ಉಣ್ಣುತ್ತ ನಕ್ಕ.

"ಏ ಲಕ್ಷ್ಮಿಕಾಂತ, ಕುಂಚಾವರಂ ಅಡವ್ಯಾಗ ಅನ್ನ ತಿಂದು ತಿಂದು ನಾಲಿಗಿ ಸತ್ತದೇನು? ಅಕ್ಕ, ಅದು ಇತ್ಲಾಗ ಹಾಕ್ರಿ. ನನ್ನ ನಾಲಿಗಿ ಇನ್ನೂ ಜೀವಂತ ಅದ."

ಎಲ್ಲರೂ ನಕ್ಕರು. ಉಮಾದೇವಿ ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ಬಿಸಿ ರೊಟ್ಟಿಯನ್ನು ಅಲ್ಲಾವುದ್ದೀನನ ತಾಟಿಗೆ ಹಾಕಿ, ಮುಂಜಾನೆಯ ಬುಟ್ಟಿಯಿಂದ ಎರಡು ತಣ್ಣನೆಯ ರೊಟ್ಟಿ ತಂದಿಟ್ಟು, ಒಲೆಯ ಮುಂದೆ ಹೋಗಿ ಕುಳಿತಳು.

ಗಂಡ ತೀರಿಹೋದ ಮೇಲೆ ಅವಳು ಹಾಗೇ ಆಗಿದ್ದಳು. ಯಾರು ಏನಂದರೂ ಮಾತು ಮೈಮೇಲೆ ಬಿದ್ದು ಕೆಳಗೆ ಜಾರುತ್ತಿತ್ತು. ರೊಟ್ಟಿ ಬೇಯಿಸುವಾಗ ಬೆರಳು ಸುಟ್ಟರೂ ಗುಂಡಮ್ಮ ಕೂಗಿ ಹೇಳಿದ ಮೇಲೆಯೇ ಕೈ ತೆಗೆಯುತ್ತಿದ್ದಳು. ಗಿರಾಕಿಗಳು ಎದ್ದುಹೋದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ನಿಂತುಕೊಂಡೇ ಉಂಡುಬಿಡುತ್ತಿದ್ದಳು. ಏನು ಉಂಡೆ ಎಂದು ಮರುದಿನ ಕೇಳಿದರೆ ನೆನಪಿರುತ್ತಿರಲಿಲ್ಲ.

ಲಕ್ಷ್ಮಿಕಾಂತ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅನ್ನ ಉಣ್ಣುವ ಕುಂಚಾವರಂ ಕಡೆಯವನು, ಹೊಸದಾಗಿ ವರ್ಗವಾಗಿ ಬಂದವನು. ಅಂದಿನಿಂದ ದಿನಾಲೂ ಸಂಜೆ ಬರತೊಡಗಿದ. ದಿನಾಲೂ ಅದೇ ಮಾತು. ತಣ್ಣಂದು ಕೊಡ್ರಿ.

ಒಂದು ಸಂಜೆ ಹಿಟ್ಟು ನಾದುತ್ತಿದ್ದಾಗ ಉಮಾದೇವಿಗೆ ತಟ್ಟನೆ ಹೊಳೆಯಿತು. ಮುಂಜಾನೆಯ ರೊಟ್ಟಿ ಬಡಿಯುವವಳು ಗುಂಡಮ್ಮ. ಸಂಜೆಯ ಬಿಸಿ ರೊಟ್ಟಿ ಮಾತ್ರ ತನ್ನ ಕೈಯದು.

ಅಂದರೆ... ಇವನು ತನ್ನ ಕೈಯ ರೊಟ್ಟಿ ತಿನ್ನುತ್ತಿಲ್ಲ.

ಗಂಡ ಸತ್ತ ಮೇಲೆ ಅವನ ಮನೆಯಲ್ಲಿ ಅತ್ತೆ ಅಂದ ಮಾತು ನೆನಪಾಯಿತು. ಇನ್ನು ಮುಂದೆ ಹಬ್ಬದ ಅಡುಗೆಗೆ ಕೈ ಹಚ್ಚಬೇಡ ಅಂದಿದ್ದಳು ಆ ಮುದುಕಿ, ತಣ್ಣಗೆ, ಬೈಗುಳವೂ ಇಲ್ಲದೆ. ಅಂದು ಉಮಾದೇವಿಗೆ ಏನೂ ಅನ್ನಿಸಿರಲಿಲ್ಲ. ಈಗ ಎದೆಯಲ್ಲಿ ಏನೋ ಸಣ್ಣಗೆ ಚುಚ್ಚಿತು. ಅದು ಸಿಟ್ಟೇ ಎಂದು ಗುರುತು ಹಿಡಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಚಿಂಚೋಳಿಯ ಅಣ್ಣ ಅಂಬಾರಾಯ ಬಹಳ ದಿನಗಳಿಂದ ಕರೆಯುತ್ತಿದ್ದ. ಬಂದು ನಮ್ಮ ಮನೆಯಲ್ಲೇ ಇರು, ನಿನ್ನ ಅತ್ತಿಗೆಗೂ ಅಡುಗೆಗೆ ಒಂದು ಕೈ ಆಗುತ್ತದೆ ಎನ್ನುತ್ತಿದ್ದ. ಅಲ್ಲಿಗೆ ಹೋದರೆ ಉಳಿದ ಆಯುಷ್ಯವೆಲ್ಲ ಆ ಮನೆಯ ಒಲೆಯ ಮುಂದೆ ಕಳೆಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಇಲ್ಲಿ ಕನಿಷ್ಠ ತನ್ನದೊಂದು ಬಾಡಿಗೆ ಕೋಣೆ, ತನ್ನದೊಂದು ಕೀಲಿಕೈ ಇತ್ತು. ಆದರೂ ಆ ಸಿಟ್ಟಿನಲ್ಲೇ ಅವಳು ಅಣ್ಣನಿಗೆ ಫೋನು ಮಾಡಿ ಸೋಮವಾರ ಬರುತ್ತೇನೆ ಅಂದಳು. ಗುಂಡಮ್ಮನಿಗೂ ಹೇಳಿದಳು. ಗುಂಡಮ್ಮ ಬೈದಳು, ಅತ್ತಳು, ಆಮೇಲೆ ಒಪ್ಪಿಕೊಂಡಳು.

ಸೋಮವಾರಕ್ಕೆ ಮೊದಲಿನ ಸಂಜೆ ಲಕ್ಷ್ಮಿಕಾಂತ ಬೇಗ ಬಂದ. ಬೇರೆ ಗಿರಾಕಿಗಳು ಇನ್ನೂ ಬಂದಿರಲಿಲ್ಲ. ಗುಂಡಮ್ಮ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಉಮಾದೇವಿ ತಣ್ಣನೆಯ ರೊಟ್ಟಿ ತಂದು ತಾಟಿನಲ್ಲಿಟ್ಟಳು. ಈ ಸಲ ಒಲೆಯ ಕಡೆ ಹೋಗಲಿಲ್ಲ.

"ಒಂದ್ ಕೇಳ್ತೀನಿ, ಖರೆ ಹೇಳ್ರಿ. ಗಂಡ ಸತ್ತಾಕಿ ಕೈದು ಅಂತ ನನ್ನ ರೊಟ್ಟಿ ಬ್ಯಾಡೇನು ನಿಮಗ?"

ಅವನು ಮೊದಲ ಬಾರಿಗೆ ಅವಳ ಮುಖ ನೋಡಿದ. ಕೈಯಲ್ಲಿದ್ದ ತುತ್ತು ತಾಟಿಗೆ ಮರಳಿತು.

"ನಿಮ್ಮ ರೊಟ್ಟಿನೇ ಅಲ್ಲೇನ್ರಿ ಇವು?"

"ಅವು ನನ್ನವು," ಎಂದಳು ಮೂಲೆಯಿಂದ ಗುಂಡಮ್ಮ. "ಇಷ್ಟು ದಿನ ನೀ ತಿಂದಿದ್ದು ಈ ಮುದುಕಿ ಕೈದು. ನಿಮ್ಮ ಕಡಿ ಮಂದಿಗಿ ರೊಟ್ಟಿ ಗುರ್ತೇ ಹತ್ತಲ್ಲ ಬಿಡು."

ಅವನ ಮುಖ ಸಪ್ಪಗಾಯಿತು. ಆಮೇಲೆ ತನ್ನ ಕಥೆ ಹೇಳಿದ. ಅವನ ಹೆಂಡತಿ ಅಮೃತಾ ಗುಂಡಗುರ್ತಿಯವಳು. ರೊಟ್ಟಿಯ ರುಚಿ ಹಚ್ಚಿದವಳೇ ಅವಳು. ದಿನಾಲೂ ಅವನನ್ನು ಕೂಡಿಸಿ ಒಂದೊಂದಾಗಿ ಬಿಸಿ ರೊಟ್ಟಿ ಹಾಕುತ್ತಿದ್ದಳು. ಅವನು ಉಂಡು, ಕೈ ತೊಳೆದು, ಹೊರಗೆ ಹೋಗಿ ಕೂರುತ್ತಿದ್ದ. ಅವಳು ಯಾವಾಗ ಉಣ್ಣುತ್ತಿದ್ದಳೋ ಅವನು ಒಮ್ಮೆಯೂ ಕಂಡಿರಲಿಲ್ಲ. ಅವಳು ಜಡ್ಡು ಬಿದ್ದು ದವಾಖಾನೆ ಸೇರಿದಾಗ ಊಟ ಬಿಟ್ಟಳು. ಅಲ್ಲಿಯ ನರ್ಸ್ ಅವನನ್ನು ಕರೆದು, ಇವರಿಗೆ ಏನು ಸೇರುತ್ತದೆ, ಅದನ್ನಾದರೂ ಮಾಡಿಸಿಕೊಂಡು ಬನ್ನಿ ಅಂದಳು.

"ನನಗ ಗೊತ್ತಿರಲಿಲ್ರಿ," ಅಂದ ಲಕ್ಷ್ಮಿಕಾಂತ. "ಅಕಿಗಿ ಏನು ಸೇರತದ ಅಂತ ನನಗ ಗೊತ್ತೇ ಇರಲಿಲ್ಲ. ಕೇಳಾಣಂದ್ರ ಅಕಿಗಿ ಮಾತು ನಿಂತಿತ್ತು. ಹಂಗೇ ತೀರಿಕೊಂಡ್ಳು."

ಒಲೆಯ ಮೇಲಿನ ಹಂಚು ಕಾದು ಹೊಗೆಯಾಡುತ್ತಿತ್ತು. ಯಾರೂ ಏಳಲಿಲ್ಲ.

"ಅವತ್ತಿನಿಂದ, ಒಬ್ರು ಒಲಿ ಮುಂದ ಸುಟ್ಕೋತ ಕುಂತ್ರ ನನಗ ಬಿಸಿ ರೊಟ್ಟಿ ಗಂಟಲಾಗ ಇಳಿಯಲ್ರಿ. ಅಷ್ಟೇ. ನಿಮ್ಮ ಕೈ ಬ್ಯಾಡ ಅಂತ ಅಲ್ಲ."

ಉಮಾದೇವಿಗೆ ಅಳು ಬರಲಿಲ್ಲ. ಅಳುವುದು ಹೇಗೆಂದು ಅವಳು ಮರೆತು ಕಾಲವಾಗಿತ್ತು. ಆದರೆ ಗಿರಾಕಿಗಳು ಕೂರುವ ಮಣೆಯ ಮೇಲೆ, ಅವನ ಎದುರಿಗೆ, ಕುಳಿತುಬಿಟ್ಟಳು. ಕೆಲಸಕ್ಕೆ ಸೇರಿದ ಮೇಲೆ ಅಲ್ಲಿ ಕುಳಿತದ್ದು ಅದೇ ಮೊದಲು.

ಇವಳು ನಾಳೆ ಚಿಂಚೋಳಿಯ ಅಣ್ಣನ ಮನೆಗೆ ಹೋಗುವವಳಿದ್ದಾಳೆ ಎಂದು ಗುಂಡಮ್ಮ ಅವನಿಗೆ ಹೇಳಿದಳು. ಹೇಳಿ, ಬೆಳ್ಳುಳ್ಳಿಯ ಪುಟ್ಟಿ ಎತ್ತಿಕೊಂಡು ಹಿತ್ತಲಿಗೆ ನಡೆದಳು.

ಲಕ್ಷ್ಮಿಕಾಂತ ತಾಟನ್ನು ಪಕ್ಕಕ್ಕೆ ಸರಿಸಿದ.

"ಹೋಗಬ್ಯಾಡ್ರಿ."

ಅವಳು ತಾಟು ಎತ್ತಲು ಕೈ ಚಾಚಿದಳು. ಅವನು ಮತ್ತೆ ಹೇಳಿದ.

"ನೀವು ಹೋದ್ರ ನನ್ನ ಊಟದ ಗತಿ ಏನು ಅಂತ ಕೇಳಾಕತ್ತಿಲ್ಲ. ಈ ಊರಾಗ ಖಾನಾವಳಿ ಭಾಳ ಅವ. ನೀವು ಉಣ್ಣಾದು ನಾ ನೋಡಬೇಕ್ರಿ. ದಿನಾ... ಎದುರಿಗಿ ಕುಂತು."

"ನನಗ ಇಂಥಾ ಮಾತಿಗಿ ಏನ್ ಅನ್ಬೇಕು ತಿಳಿಯಲ್ಲ," ಎಂದಳು ಅವಳು. "ಒಳಗ ಎಲ್ಲಾ ಮರಗಟ್ಟಿ ಹೋಗ್ಯಾದ. ಪ್ರೀತಿ ಗೀತಿ ನನ್ನ ಕಡಿಂದ ಆಗ್ತದೋ ಇಲ್ಲೋ."

"ಆಗದಿದ್ರ ಬಿಡ್ರಿ. ಊಟಂತೂ ಮಾಡಬೇಕಲ್ಲ. ನಿಮಗ ಏನು ಸೇರತದ?"

ಆ ಪ್ರಶ್ನೆ ಅವಳನ್ನು ಯಾರೂ ಕೇಳಿರಲಿಲ್ಲ. ಅವಳು ಮದುವೆ, ಗಂಡ, ಅತ್ತೆಯ ಮನೆ ಎಲ್ಲ ದಾಟಿ ಹಿಂದೆ ಹಿಂದೆ ಹೋಗಿ, ಅವ್ವನ ಒಲೆಯ ಮುಂದೆ ಕೈ ಚಾಚಿ ಕುಳಿತ ಸಣ್ಣ ಹುಡುಗಿಯೊಬ್ಬಳನ್ನು ಕಂಡಳು.

"ಮುಟಿಗಿ," ಎಂದಳು ಕೊನೆಗೆ. "ಬಿಸಿ ರೊಟ್ಟಿ ಮುರಿದು, ಹಸಿಮೆಣಸಿನಕಾಯಿ, ಬೆಳ್ಳೊಳ್ಳಿ, ಎಣ್ಣಿ ಹಾಕಿ ಕುಟ್ಟಿ, ಮುಷ್ಟ್ಯಾಗ ಹಿಚುಕಿ ಉಂಡಿ ಕಟ್ಟತಾರಲ್ಲ, ಅದು. ತಣ್ಣನ ರೊಟ್ಟಿಲಿಂದ ಬರಲ್ಲ ನೋಡ್ರಿ."

ಅವನು ಎದ್ದ. ಅಂಗಿಯ ತೋಳು ಮಡಚಿದ.

"ಹಂಗಾರ ನೀವು ಬಡೀರಿ, ನಾ ಕುಟ್ಟತೀನಿ. ಎಲ್ಲಾ ಮಾಡಿಟ್ಟು ಆಮ್ಯಾಲ ಇಬ್ರೂ ಕೂಡೇ ಕುಂದ್ರಮ್."

"ಗಿರಾಕಿ ಬರಾ ಹೊತ್ತಾಯ್ತು."

"ಬರ್ಲಿ. ಇವತ್ತ ಮೊದಲು ನಾವು."

ಉಮಾದೇವಿ ಹಿಟ್ಟಿಗೆ ಕೈ ಹಾಕಿದಳು. ಹಂಚಿನ ಮೇಲೆ ಮೊದಲ ರೊಟ್ಟಿ ಬಿದ್ದಾಗ ಅವನ ಕಡೆ ತಿರುಗದೆಯೇ ಕೇಳಿದಳು.

"ಖಾರ ಎಷ್ಟು ಹಾಕಲಿ ನಿಮಗ?"

"ನಿಮಗ ಎಷ್ಟು ಬೇಕೋ ಅಷ್ಟು."

"ನನಗ ಭಾಳ ಬೇಕು."

"ಹಾಕ್ರಿ," ಅಂದ ಅವನು. "ತಿಳ್ಕೊಂಡೆ."