ಸೋಮವಾರದ ಗುಳಿಗೆ

"ಏಳಬ್ಯಾಡ ಬೇ ಆಯಿ! ಕುಂದರು!"

ಶಾಲೆಗೆ ಹೊರಟಿದ್ದ ಶೈಲಾ ಸ್ಕೂಲ್ ಬ್ಯಾಗನ್ನು ಅಲ್ಲೇ ಬಿಸಾಕಿ ಓಡಿದಳು. ಅವಳ ಆಯಿ, ಅಂದರೆ ಅಜ್ಜಿ ಸುಶೀಲವ್ವ, ಪೂಜೆಯ ತಟ್ಟೆ ಹಿಡಿದು ಕಟ್ಟೆಯಿಂದ ಏಳುತ್ತಿದ್ದಳು. ಮುಖವೆಲ್ಲ ಬೆವರು. ತಟ್ಟೆ ಗಡಗಡ ನಡುಗುತ್ತಿತ್ತು.

"ಗುಡಿಗೆ ಹೋಗಬೇಕು, ಬಿಡು. ಒಂಚೂರು ತಲಿ ತಿರಗೇತಿ, ಅಷ್ಟ."

ಅಷ್ಟೇ ಅಂತೆ! ಯುಗಾದಿಗೆ ಮೊದಲು ಹಿತ್ತಲಲ್ಲಿ ಸುಮ್ಮನೆ ಜಾರಿದ್ದಕ್ಕೇ ಆಯಿಯ ಮುಂಗೈ ಮುರಿದಿತ್ತು. "ಎಲುಬು ಸವದಾವ್ರಿ. ಇನ್ನೊಮ್ಮೆ ಬಿದ್ದು ಸೊಂಟ ಮುರೀತಂದ್ರ ಎದ್ದು ಓಡಾಡೂದು ಕಷ್ಟ," ಎಂದು ಡಾಕ್ಟರು ಅಪ್ಪನಿಗೆ ಹೇಳಿದ್ದನ್ನು ಶೈಲಾ ಕೇಳಿಸಿಕೊಂಡಿದ್ದಳು. ಅಂದಿನಿಂದ ಆಯಿ ಎದ್ದು ನಿಂತರೂ ಸಾಕು, ಅವಳು ಅಂಜಿ ಹಿಡಿದುಕೊಳ್ಳಲು ಓಡುತ್ತಿದ್ದಳು.

ಆಯಿಯನ್ನು ಗೋಡೆಗೆ ಒರಗಿಸಿ ಕೂರಿಸಿದಳು. ಕೈ ತಣ್ಣಗಿತ್ತು.

"ನಾಷ್ಟಾ ಏನ್ ತಿಂದಿ?"

"ಶ್ರಾವಣ ಸೋಮವಾರ ಅಲ್ಲೇನವ್ವಾ? ಒಪ್ಪತ್ತು. ಊಟ ಸಂಜಿಮುಂದ."

ಶೈಲಾ ಬೆಚ್ಚಿಬಿದ್ದಳು. ಅಪ್ಪ, ಅವ್ವ ಹೆಸರುಕಾಯಿ ಬಿಡಿಸಲು ಹೊಲಕ್ಕೆ ಹೋದರೆ ಗುಳಿಗೆ ಕೊಡುವ ಕೆಲಸ ಅವಳದೇ. ಬಿಪಿದು, ಶುಗರ್‌ದು, ಎಲುಬಿನದು, ಯಾವುದನ್ನೂ ಮರೆಯುವವಳಲ್ಲ. ಇವತ್ತೂ ಕೊಟ್ಟಿದ್ದಳು. ಆದರೆ ಶುಗರ್ ಗುಳಿಗೆ ನುಂಗಿ ಹಸಿದಿರಬಾರದು ಎಂದು ನರ್ಸಕ್ಕ ಹೇಳಿದ್ದು ಈಗ ನೆನಪಾಯಿತು. ಅಯ್ಯೋ, ಶುಗರ್ ಇಳಿದುಬಿಟ್ಟಿದೆ!

ಓಡಿಹೋಗಿ ಸಕ್ಕರೆ ನೀರು ಕದಡಿ ತಂದಳು. ಆಯಿ ಮುಖ ತಿರುಗಿಸಿದಳು.

"ಒಲ್ಲೆ. ನಿನ್ನಷ್ಟಿದ್ದಾಗಿಂದ ಒಂದು ಸೋಮವಾರನೂ ಬಿಟ್ಟಿಲ್ಲ."

ಶೈಲಾಗೆ ಸಿಟ್ಟೂ ಬಂತು, ಅಳುವೂ ಬಂತು. "ಗುಳಿಗಿ ನಾನ ಕೊಟ್ಟೇನಿ ಬೇ! ನೀ ಬಿದ್ರ ನಾನ ಬೀಳಿಸಿದಂಗ ಆಕ್ಕೇತಿ!"

ಆಯಿ ಮೊಮ್ಮಗಳ ಮುಖವನ್ನೇ ನೋಡಿದಳು. ಆಮೇಲೆ ಬಾಯಿ ತೆರೆದಳು. ಶೈಲಾ ಲೋಟ ಹಿಡಿದು ಗುಟುಕು ಗುಟುಕಾಗಿ ಕುಡಿಸಿದಳು. ಅಪ್ಪನಿಗೆ ಫೋನ್ ಹಚ್ಚಿದಳು. "ಈಗ ಬಂದೆ, ಅಕಿನ್ನ ಏಳಾಕ ಬಿಡಬ್ಯಾಡ," ಎಂದ ಅಪ್ಪ.

ಸ್ವಲ್ಪ ಹೊತ್ತಿಗೆ ಬೆವರು ನಿಂತಿತು, ನಡುಕವೂ ಇಳಿಯಿತು. ರೊಟ್ಟಿ ತರಲೆಂದು ಶೈಲಾ ಎದ್ದಳು. ಆಯಿ ಗಬಕ್ಕನೆ ಅವಳ ಕೈ ಹಿಡಿದಳು.

"ಎಲ್ಲಿ ಹೊಂಟಿ? ಇಲ್ಲೇ ಇರ ನನ್ನವ್ವಾ. ನಂಗ ಅಂಜಿಕಿ ಬರತೈತಿ."

"ಈಗೂ ಅಂಜಿಕಿ ಏನ?"

"ದಿನಾನೂ. ಬಚ್ಚಲಕ್ಕ ಹೋದ್ರೂ ಅಂಜಿಕಿ, ಹೊಸ್ತಿಲಾ ದಾಟಿದ್ರೂ ಅಂಜಿಕಿ."

ಹಿಡಿದುಕೊಳ್ಳಲು ಹೋದಾಗಲೆಲ್ಲ "ನಾ ಏನ್ ಕೂಸ ಏನ?" ಎಂದು ಗದರುತ್ತಿದ್ದವಳು ಇದೇ ಆಯಿ. ಅಂಜುವವಳು ತಾನೊಬ್ಬಳೇ ಎಂದುಕೊಂಡಿದ್ದಳು ಶೈಲಾ.

ಶಾಲೆಯ ಗಂಟೆ ಕೇಳಿಸಿತು. ಅವಳು ಆಯಿಗೆ ಒತ್ತಿಕೊಂಡು ಕುಳಿತಳು.