ಲೇಸರಮ್ಮನ ಲ್ಯಾಬಿಗೆ ಬಂದ ನಡುಕ

"ಅಲ್ಲೇ ನಿಲ್ಲಿ. ಇನ್ನೊಂದು ಹೆಜ್ಜೆ ಇಟ್ರೆ ನಾನು ಸುಮ್ನಿರಲ್ಲ."

ಬಾಗಿಲಲ್ಲಿದ್ದವನು ಎತ್ತಿದ ಕಾಲನ್ನು ಗಾಳಿಯಲ್ಲೇ ಹಿಡಿದುಕೊಂಡ. ಆರಡಿ ಆಳು, ಕಂಕುಳಲ್ಲೊಂದು ಪೆಟ್ಟಿಗೆ. ಕೊಕ್ಕರೆಯ ಹಾಗೆ ನಿಂತವನನ್ನು ನೋಡಿ ಲೇಸರಿನ ಮೇಜಿಗೆ ಕೂತಿದ್ದ ಅವಳಿಗೆ ನಗು ಬಂತು, ನುಂಗಿಕೊಂಡಳು.

"ಯಾರು ನೀವು?"

"ನಡುಕ ಅಳೆಯೋನು. ಪರೀಕ್ಷೆಗೆ ಮುಂಚೆ ಇಲ್ಲಿ ನೆಲ ಎಷ್ಟು ಅಲುಗುತ್ತೆ ಅಂತ ನೋಡ್ಬೇಕಂತೆ... ಕಾಲು ಇಡ್ಲಾ?"

"ನನ್ನ ಲ್ಯಾಬಲ್ಲಿ ಯಾವುದೂ ಅಲುಗಲ್ಲ" ಎಂದಳು ಜಂಬದಿಂದ.

ಅವನು ಒಳಗೆ ಬಂದ. ಲೇಸರಿನ ಬೆಳಕು ಸ್ಥಿರವಾಗಿದೆಯೇ ಎಂದು ತೋರಿಸುವ ಪರದೆಯ ಮೇಲೆ ನೆಟ್ಟಗಿದ್ದ ಗೆರೆ ಕುಣಿಯತೊಡಗಿತು!

ಅವಳು ಪರದೆಯತ್ತ ಬಗ್ಗಿದಳು. ಎಲ್ಲರೂ ಅವಳನ್ನು ಲೇಸರಮ್ಮ ಎನ್ನುತ್ತಿದ್ದುದು ಸುಮ್ಮನೆ ಅಲ್ಲ, ಆ ಲೇಸರನ್ನು ಹೆತ್ತ ಮಗುವಿನಂತೆ ಸಾಕಿದ್ದಳು. ಮುಂದೆ ಬಾಹ್ಯಾಕಾಶದಲ್ಲಿ ಲಕ್ಷಾಂತರ ಕಿಲೋಮೀಟರ್ ಅಂತರದಲ್ಲಿ ತೇಲುವ ಮೂರು ನೌಕೆಗಳು ಒಂದಕ್ಕೊಂದು ಅದರ ಬೆಳಕನ್ನು ಹಾಯಿಸಬೇಕು. ಎಲ್ಲೋ ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದರೆ ಗುರುತ್ವದ ಅಲೆ ಬಂದು ಆ ಅಂತರ ಪರಮಾಣುವಿನ ಗಾತ್ರಕ್ಕಿಂತಲೂ ಕಡಿಮೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತದೆ. ಅದನ್ನು ಹಿಡಿಯಬೇಕಾದ ಬೆಳಕೇ ನಡುಗಿದರೆ ಮುಗಿಯಿತು. ಶುಕ್ರವಾರದ ಪರೀಕ್ಷೆಯಲ್ಲಿ ಫೇಲಾದರೆ ಬೇರೆ ತಂಡದ ಲೇಸರ್ ನೌಕೆ ಹತ್ತುತ್ತದೆ.

"ನಿಮ್ಮ ಬೂಟು ಕಾರಣ" ಎಂದಳು.

ಮರುದಿನ ಅವನು ಬೂಟು ಹೊರಗೆ ಬಿಟ್ಟು ಬಂದ. ಸಾಕ್ಸಿನ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು. 'ಅಯ್ಯೋ ಪಾಪ... ಹೊಲಿದು ಕೊಡೋಕೆ ಯಾರೂ ಇಲ್ವಾ?' ಎಂದುಕೊಂಡಳು. ಗೆರೆ ಕುಣಿಯಿತು. ಅವನು ಉಸಿರು ಬಿಗಿಹಿಡಿದು ಮೂಲೆಯಲ್ಲಿ ಕೂತ. ಇನ್ನೂ ಕುಣಿಯಿತು. ಅವನು ಹೊರಗೆ ಹೋದ ಕೂಡಲೇ ತೆಪ್ಪಗಾಯಿತು.

"ನೀವು ಇರೋದೇ ತೊಂದ್ರೆ. ದಯವಿಟ್ಟು ಬರ್ಬೇಡಿ."

ಅವನು ಬೂಟು ಹಾಕಿಕೊಂಡು ಹೋದ. ಆಮೇಲೆ ಬರಲೂ ಇಲ್ಲ. ಗೆರೆ ನೆಟ್ಟಗಾಯಿತು, ಅವಳ ಮನಸ್ಸು ಸೊಟ್ಟಗಾಯಿತು. ಊಟ ಸೇರಲಿಲ್ಲ. ಬಾಗಿಲು ಕಿರ್ ಎಂದಾಗಲೆಲ್ಲ ಕತ್ತು ತಾನಾಗಿ ಆ ಕಡೆ ತಿರುಗುತ್ತಿತ್ತು.

ಶುಕ್ರವಾರ ಬಂತು. ಲ್ಯಾಬಿನ ಮುಖ್ಯಸ್ಥೆ, ಎಲ್ಲರೂ ಬೆನ್ನಹಿಂದೆ ಅಜ್ಜಿ ಎನ್ನುತ್ತಿದ್ದ ಹೆಂಗಸು, ಪರೀಕ್ಷಕರ ಜೊತೆ ಅವನನ್ನೂ ಕರೆತಂದಳು. ನಡುಕ ಅಳೆಯುವವನಿಲ್ಲದೆ ಪರೀಕ್ಷೆ ನಡೆಯುವಂತಿಲ್ಲ.

ಈ ಸಲ ಸಾಕ್ಸ್ ಹೊಸದು. ಗೆರೆ ಹಿಂದೆಂದೂ ಕುಣಿಯದಷ್ಟು ಕುಣಿಯಿತು.

ಎಲ್ಲರೂ ಪರದೆ ನೋಡುತ್ತಿದ್ದರೆ ಅವನು ಮಾತ್ರ ನೆಲ ನೋಡುತ್ತಿದ್ದ. ಮೆಲ್ಲಗೆ ಅವಳ ಪಕ್ಕ ಬಂದು ಬಗ್ಗಿದ.

"ನಿಮ್ಮ ಕಾಲು..."

"ನನ್ನ ಕಾಲಿಗೇನಾಗಿದೆ?"

"ಕೇಬಲ್ ಮೇಲಿದೆ. ಅಲ್ಲಾಡ್ತಿದೆ."

ನೋಡಿದಳು. ಲೇಸರಿನ ಬೆಳಕನ್ನು ಒಯ್ಯುವ ಹಳದಿ ಕೇಬಲ್ ಮೇಜಿನಡಿ ಹಾದುಹೋಗಿತ್ತು. ಅದರ ಮೇಲೆ ಅವಳ ಪಾದ ಪಟಪಟ ಅಲ್ಲಾಡುತ್ತಿತ್ತು! ಗಲಿಬಿಲಿಯಾದರೆ ಕಾಲು ಅಲ್ಲಾಡಿಸುವ ಚಾಳಿಗೆ ಚಿಕ್ಕಂದಿನಲ್ಲಿ ಅಮ್ಮನಿಂದ ಎಷ್ಟು ಬೈಸಿಕೊಂಡಿದ್ದಳೋ. ಕಾಲು ತೆಗೆದಳು. ಗೆರೆ ದಾರ ಎಳೆದಂತೆ ನಿಂತಿತು.

"ಅವನು ಬಂದಾಗ್ಲೇ ಅಲ್ಲಾಡೋದು ಯಾಕೆ?" ಎಂದಳು ಅಜ್ಜಿ, ವಾರದ ದಾಖಲೆ ತಿರುವುತ್ತ. "ಕಾರಣ ಗೊತ್ತಾಗದೆ ಪಾಸ್ ಮಾಡಕ್ಕಾಗಲ್ಲ."

ಅವನೇ ಮುಂದೆ ಬಂದ. "ಕಾರಣ ನನ್ನ ತೂಕ ಅಂತ ಬರ್ಕೊಳ್ಳಿ. ನಾನಿನ್ನು ಈ ಕಡೆ ಬರಲ್ಲ."

'ಬರಲ್ಲ' ಎಂಬ ಮಾತು ಕೇಳಿದ್ದೇ ಅವಳು ತಟ್ಟನೆ ಎದ್ದು ನಿಂತಳು. ನಾಚಿಕೆ ಎಲ್ಲಿ ಹೋಯಿತೋ.

"ಸುಳ್ಳು. ಕಾರಣ ನಾನು. ಇವ್ರು ಬಂದ್ರೆ ನನಗೆ ನೆಟ್ಟಗೆ ಕೂರಕ್ಕಾಗಲ್ಲ. ಬರದೆ ಹೋದ್ರೆ... ಕೂರೋಕೇ ಆಗಲ್ಲ."

 ಪರೀಕ್ಷಕರೊಬ್ಬರು ಕೆಮ್ಮಿದರು. ಅಜ್ಜಿ ಕನ್ನಡಕ ಸರಿಮಾಡಿಕೊಂಡು, "ಕಾರಣ ಸಿಕ್ತು. ಪಾಸು" ಎಂದು ಎಲ್ಲರನ್ನೂ ಹೊರಗೆ ಅಟ್ಟಿದಳು.

ಇಬ್ಬರೇ ಉಳಿದರು.

"ಬರ್ಬೇಡಿ ಅಂದಿದ್ದು ತಪ್ಪಾಯ್ತು" ಎಂದಳು ನೆಲ ನೋಡುತ್ತ. "ಹೊಸ ಸಾಕ್ಸು ಪರೀಕ್ಷೆಗಾ?"

"ಅಲ್ಲ. ನೀವು ಆ ಹೆಬ್ಬೆರಳನ್ನ ನೋಡ್ತಿದ್ದಿದ್ದು ನನಗೆ ಗೊತ್ತಿತ್ತು."

ಅವಳ ಮುಖ ಕೆಂಪಾಯಿತು.

"ನಾಳೆ ಬರ್ಲಾ?" ಎಂದ ಮೆಲ್ಲಗೆ.

"ಬನ್ನಿ... ಆ ಕೇಬಲ್‌ನ ಗೋಡೆ ಪಕ್ಕ ಎಳೆದು ಹಾಕ್ತೀನಿ."